ಪರದೆಯ ಒಳಗೆ ಕತ್ತರಿ

ಮಸ್ಕತ್ತಿನ ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ಹಿಂದಿನ ಬೀದಿಯಲ್ಲಿ ಆದಮನ ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಎದುರುಗಡೆ ದಿನವಿಡೀ ಕಾರಿನ ತಗ್ಗು ತೆಗೆಯುವ ಸುತ್ತಿಗೆಯ ಸದ್ದು. ಒಳಗೆ ಎರಡು ಮೆಶಿನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಒಂದು ಕಂದು ಪರದೆ. ಆ ಪರದೆಯ ಹಿಂದಿನ ರಾಜ್ಯ ಆದಮನ ಹೆಂಡತಿ ಸುಹರಾಳದ್ದು. ಹದಿನೆಂಟು ವರ್ಷಗಳಿಂದ ಅಲ್ಲಿ ನಿಂತು ಹೆಂಗಸರ ಅಳತೆ ತೆಗೆಯುವವಳು ಅವಳೇ.

ಪರಸ್ತ್ರೀಯರ ಮೈಗೆ ಟೇಪು ಹಿಡಿಯುವುದಿಲ್ಲ ಎಂಬುದು ಆದಮನ ನೇಮ. ಮಂಗಳೂರಿನ ಬಂದರಿನಲ್ಲಿ ಕೆಲಸ ಕಲಿಸಿದ ಉಸ್ತಾದರಿಂದ ಬಂದದ್ದು. ಮಸ್ಕತ್ತಿಗೆ ಬಂದ ಹೊಸತರಲ್ಲಿ ಗಿರಾಕಿಗಳು ಅಳತೆಗೆ ಒಂದು ಹಳೆ ಬಟ್ಟೆ ತಂದು ಕೊಟ್ಟು ಹೋಗುತ್ತಿದ್ದರು. ವಿಟ್ಲದಿಂದ ಸುಹರಾ ಬಂದು, ಕಫೀಲ್ ಆಗಿದ್ದ ಒಮಾನಿ ಯಜಮಾನ ಅವಳಿಗೂ ಅಂಗಡಿಯ ವೀಸಾ ಮಾಡಿಸಿಕೊಟ್ಟ ಮೇಲೆ ಪರದೆ ಬಿತ್ತು. ಅವಳು ಒಳಗಿನಿಂದ ಬ್ಯಾರಿ ಭಾಷೆಯಲ್ಲಿ ಅಳತೆ ಕೂಗುವುದು, ಅವನು ಹೊರಗೆ ಮೇಜಿನ ಮೇಲೆ ಗುರುತು ಹಾಕುವುದು. ಆ ಭಾಷೆ ಬೀದಿಗೆ ತಿಳಿಯದ್ದರಿಂದ ಒಮಾನಿ ಹೆಂಗಸರಿಗೆ ತಮ್ಮ ಸೊಂಟದ ಸುದ್ದಿ ಬೀದಿಗೆ ಬಿತ್ತೆಂಬ ಮುಜುಗರವೂ ಇಲ್ಲ. ಅಂಗಡಿ ಏನೋ ಚೆನ್ನಾಗಿಯೇ ನಡೆಯಿತು. ಆದಮನ ಕೈ ಒಳ್ಳೆಯದು ಎಂದು ಊರೆಲ್ಲ ಹೇಳಿತು. ಸುಹರಾಳ ಕೈಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದರ ಬೇಸರ ಅವಳಿಗೆ ಇರಲಿಲ್ಲವೇ ಎಂದರೆ, ಇತ್ತು. ಆದರೆ ಕೈತುಂಬ ಕೆಲಸವಿರುವವರು ಬೇಸರವನ್ನು ರಜೆಯ ಶುಕ್ರವಾರಕ್ಕೆ ಎತ್ತಿಡುತ್ತಾರೆ, ಶುಕ್ರವಾರ ಬಿರಿಯಾನಿ ಮಾಡಬೇಕಾಗುತ್ತದೆ.

ಕಳೆದ ವರ್ಷ ಸೆಖೆ ಇಳಿಯುವ ಹೊತ್ತಿಗೆ ಭವ್ಯಶ್ರೀ ಬಂದಳು. ಉಡುಪಿ ಕಡೆಯ ಹುಡುಗಿ, ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವಳು, ಮನೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ. ಅಲ್ಲಿ ನಾನಾ ದೇಶದವರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಇನ್ನೂರೈವತ್ತು ವರ್ಷ ಹಿಂದಿನ ಯುರೋಪಿನವರ ಹಾಗೆ ಉಡುಪು ತೊಟ್ಟು, ಮೇಣದ ಬತ್ತಿ ಹಚ್ಚಿ, ಪಿಟೀಲು ಬಾರಿಸಿ ಆ ಕಾಲದ ನೃತ್ಯ ಮಾಡುವುದು ಅವರ ಖುಷಿ. ಹಿಂದಿನ ಸಲ ಭವ್ಯಶ್ರೀ ಬಾಡಿಗೆಯ ಗೌನು ಹಾಕಿ ಹೋಗಿದ್ದಳು. ಬೆನ್ನಿಗೆ ಆ ಕಾಲದಲ್ಲಿ ಇಲ್ಲದ ಜಿಪ್ಪು. ಯಾರೂ ಏನೂ ಅನ್ನಲಿಲ್ಲವಂತೆ, ಸುಮ್ಮನೆ ಬೇರೆ ಕಡೆ ನೋಡಿದರಂತೆ. ಅನ್ನುವುದಕ್ಕಿಂತ ಅದೇ ಹೆಚ್ಚು ಚುಚ್ಚಿತ್ತು. ಈ ಸಲ ಆ ಕಾಲದವರು ಹೊಲಿದ ಹಾಗೆಯೇ ಹೊಲಿದ ಗೌನು ಬೇಕು ಎಂದು ಹಟ ಹಿಡಿದಿದ್ದಳು.

ಅವಳು ಮೇಜಿನ ಮೇಲೆ ಬಿಚ್ಚಿದ ಬಟ್ಟೆಯನ್ನು ಆದಂ ಕೈ ಒರೆಸಿಕೊಂಡೇ ಮುಟ್ಟಿದ. ಆಂಧ್ರದ ಒಂದು ಮನೆಯವರು ಕೈಯಲ್ಲಿ ಬರೆದ ಕಲಂಕಾರಿ ಹತ್ತಿ ಬಟ್ಟೆ. ಕೆನೆಬಣ್ಣದ ಮೇಲೆ ಕೆಂಪು ಹೂವು, ನೀಲಿ ಬಳ್ಳಿ, ಒಂದು ಹೂವಿನ ಹಾಗೆ ಇನ್ನೊಂದಿಲ್ಲ. ಗೌನಿಗೆ ಸರಿಯಾಗಿ ಸಾಕಾಗುವಷ್ಟೇ ಇತ್ತು. ಇಂಥ ಇನ್ನೊಂದು ಎಲ್ಲಿಯೂ ಸಿಗದು. ಜೊತೆಗೆ ಪಾರ್ಸೆಲ್ಲಿನಲ್ಲಿ ತರಿಸಿದ ಒಂದು ಒಳಕವಚ. ಉದ್ದುದ್ದಕ್ಕೆ ಕಡ್ಡಿ ತುಂಬಿಸಿ, ಬೆನ್ನಿಗೆ ದಾರ ಎಳೆದು ಬಿಗಿಯುವಂಥದ್ದು. ಗೌನಿನ ಆಕಾರವೆಲ್ಲ ಅದರದ್ದೇ. ಗೌನಿಗೆ ಗುಂಡಿಯಿಲ್ಲ, ಹುಕ್ಕಿಲ್ಲ, ಎದುರಿಗೆ ಗುಂಡುಸೂಜಿ ಚುಚ್ಚಿ ನಿಲ್ಲಿಸುವುದು. ಬೆನ್ನ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ನೆರಿಗೆ ಹಿಡಿದು ಹೊಲಿದು, ಅಲ್ಲಿಂದ ಕೆಳಗೆ ಲಂಗವಾಗಿ ಬಿಡಬೇಕು. ಬೆನ್ನು ಮತ್ತು ಲಂಗ ಒಂದೇ ಬಟ್ಟೆ, ನಡುವೆ ಜೋಡಣೆ ಇಲ್ಲ.

ದೊಡ್ಡವರ ಈ ಆಟ ಕಂಡು ಆದಮನಿಗೆ ನಗು ಬಂದಿತ್ತು. ಆದರೆ ಆಗುವುದಿಲ್ಲ ಎಂದು ಇದುವರೆಗೆ ಯಾವ ಗಿರಾಕಿಗೂ ಹೇಳಿದವನಲ್ಲ. ಒಪ್ಪಿಕೊಂಡ.

ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಮಾದರಿಗೆಂದು ಒಂದು ಹೊಲಿದು ನೋಡಿದರು. ಭವ್ಯಶ್ರೀ ಕವಚ ಬಿಗಿದುಕೊಂಡು ತೊಟ್ಟರೆ ಎದೆಯ ಹತ್ತಿರ ಜೋಲಿತು. ಎರಡನೆಯದು ಮಾಡಿದ. ಅದೂ ಜೋಲಿತು. ಮೂರನೆಯದಕ್ಕೆ ಆದಮನ ಮುಖ ಕೆಂಪಾಯಿತು, ನೀನು ಕೂಗಿದ ಅಳತೆಯೇ ತಪ್ಪು ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಭವ್ಯಶ್ರೀ ಹೋದ ಮೇಲೆ ಅವಳು ಬಿಟ್ಟುಹೋದ ಕವಚವನ್ನು ಒಂದು ದಿಂಬಿಗೆ, ಅವಳ ಮೈಗೆ ಬಿಗಿದಷ್ಟೇ ಬಿಗಿದು ಸುತ್ತಿ, ತಾನೇ ಟೇಪು ಹಿಡಿದ. ಹೆಂಡತಿ ಹೇಳಿದ್ದಕ್ಕಿಂತ ಒಂದು ಇಂಚು ಕಡಿಮೆ.

ಸುಹರಾಳಿಗೆ ಆಗ ನಿಜ ಹೇಳದೆ ವಿಧಿಯಿರಲಿಲ್ಲ. ಅವಳು ಯಾವಾಗಲೂ ಒಂದು ಇಂಚು ಸೇರಿಸಿಯೇ ಕೂಗುತ್ತಿದ್ದಳು. ಗಂಡಸರ ಕೈ ಬಿಗಿಯಾಗಿ ಕತ್ತರಿಸುತ್ತದೆ, ಹೆಂಗಸರಿಗೆ ಬಟ್ಟೆ ಮೈಗೆ ಅಂಟಬಾರದು ಎಂದು ಅವಳ ಲೆಕ್ಕ. ಆದಂ ಟೇಪನ್ನು ಸುರುಳಿ ಸುತ್ತಿದ. ಆಮೇಲೆ ತಾನೂ ಕತ್ತರಿಸುವಾಗ ಒಂದು ಇಂಚು ಬಿಟ್ಟೇ ಕತ್ತರಿಸುತ್ತೇನೆ ಎಂದ. ಹದಿನೆಂಟು ವರ್ಷ ವಾದಿ ಕಬೀರಿನ ಹೆಂಗಸರೆಲ್ಲ ಎರಡು ಇಂಚು ಸಡಿಲ ಬಟ್ಟೆ ತೊಟ್ಟು, ಆದಮನ ಹೊಲಿಗೆಯಲ್ಲಿ ಉಸಿರಾಡಲು ಸುಖ ಎಂದು ಹೊಗಳುತ್ತಿದ್ದರು. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಸುಹರಾಳಿಗೆ ಅಷ್ಟು ನಗು ಬರಲಿಲ್ಲ. ಪರದೆಯ ಒಂದೊಂದು ಬದಿಗೆ ನಿಂತು ಒಬ್ಬರನ್ನೊಬ್ಬರು ನಂಬದೆ ಕೆಲಸ ಮಾಡಿದ್ದೇವಲ್ಲ ಎನಿಸಿತು.

ನಾಲ್ಕನೆಯದಕ್ಕೆ ಅವಳು ಇದ್ದ ಅಳತೆಯನ್ನು ಇದ್ದ ಹಾಗೆ ಕೂಗಿದಳು, ಅವನೂ ಇಂಚು ಬಿಡದೆ ಕತ್ತರಿಸಿದ. ಎದೆ ಕೂತಿತು, ಬೆನ್ನು ಕೂರಲಿಲ್ಲ. ನೆರಿಗೆಗಳು ಬಾಯಿ ಬಿಟ್ಟು ನಿಂತವು. ಭವ್ಯಶ್ರೀಯ ಬಲಭುಜ ಎಡದ್ದಕ್ಕಿಂತ ಕೊಂಚ ತಗ್ಗು. ಬೆನ್ನಿನ ಹೊಂಡ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಟೇಪಿನಲ್ಲಿ ಅಂಕಿಯಿಲ್ಲ. ಆ ಕಾಲದವರು ಹೊಲಿಯುವ ವೀಡಿಯೊಗಳನ್ನು ಭವ್ಯಶ್ರೀ ಫೋನಿಗೆ ಕಳಿಸಿದ್ದಳು. ಸುಹರಾ ಅಡುಗೆ ಮಾಡುತ್ತಾ ಅವನ್ನು ಮತ್ತೆ ಮತ್ತೆ ನೋಡಿದಳು. ಅವರು ಮೇಜಿನ ಮೇಲೆ ಕತ್ತರಿಸುವುದೇ ಇಲ್ಲ. ಬಟ್ಟೆಯನ್ನು ಮೈಮೇಲೆ ಹೊದಿಸಿ, ಅಲ್ಲೇ ನೆರಿಗೆ ಹಿಡಿದು, ಅಲ್ಲೇ ಕತ್ತರಿ ಹಾಕುತ್ತಾರೆ.

ಅದನ್ನು ಗಂಡನಿಗೆ ಹೇಳಿದಾಗ ಅವನು ಟಕ್ಕನೆ ಬೇಡವೆಂದು ತಲೆಯಾಡಿಸಿದ. ಅವನು ಪರದೆಯ ಒಳಗೆ ಬರುವುದಿಲ್ಲ, ಅವನ ಕತ್ತರಿ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಅದೂ ಉಸ್ತಾದರ ಕಾಲದ ಮಾತು. ನಾಳೆ ಬಟ್ಟೆ ವಾಪಸು ಕೊಡುವ, ಖಲಾಸ್ ಎಂದ.

“ವಾಪಸ್ ಕೊಡುವುದು ಬೇಡ. ನಾನು ಕತ್ತರಿಸ್ತೇನೆ,” ಎಂದಳು ಸುಹರಾ.

“ನೀನು ಕತ್ತರಿ ಹಿಡಿದದ್ದು ಯಾವಾಗ?”

“ಮದುವೆಗೆ ಮೊದಲು ಬೀಡಿ ಎಲೆ ಕತ್ತರಿಸ್ತಾ ಇದ್ದದ್ದು ಯಾರು ಮತ್ತೆ?”

“ಎಲೆ ಹಾಳಾದ್ರೆ ಇನ್ನೊಂದು ಎಲೆ ಉಂಟು. ಇದು ಹಾಳಾದ್ರೆ ಎಂತ ಮಾಡ್ತಿ?”

“ಹಾಳಾದ್ರೆ ನಾನೇ ಅವರಿಗೆ ಹೇಳ್ತೇನೆ. ನಿಮ್ಮ ತಲೆಗೆ ಹಾಕುದಿಲ್ಲ.”

ಅವನ ಕತ್ತರಿಯನ್ನು ಅವಳು ಕೇಳಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವ ವಯಸ್ಸು ದಾಟಿತ್ತು. ಮಾರನೆಯ ದಿನ ರುವಿ ಪೇಟೆಗೆ ಹೋಗಿ ದಾರ, ಲೇಸು ಮಾರುವ ಅಂಗಡಿಯಲ್ಲಿ ಒಂದೊಂದೇ ಕತ್ತರಿ ಬೆರಳಿಗೆ ಹಾಕಿ ನೋಡಿ, ಅಂಗಡಿಯವನಿಗೆ ಸಾಕುಸಾಕು ಮಾಡಿ, ಕೈಗೆ ಹೊಂದುವಂಥದ್ದೊಂದು ತಂದಳು. ಮೇಲಿನ ಫ್ಲಾಟಿನ ಶಬ್ನಂಳನ್ನು ಕರೆದು ಮೈತುಂಬ ಕೋರಾ ಬಟ್ಟೆ ಹೊದಿಸಿ ಕತ್ತರಿಸಿದಳು, ತಪ್ಪಿದಳು, ಮತ್ತೆ ಹೊದಿಸಿದಳು. ಒಲೆಯ ಮೇಲೆ ಸಾರು ಇಟ್ಟು ಬಂದಿದ್ದೇನೆ ಎಂದು ಶಬ್ನಂ ಪ್ರತಿ ಸಲವೂ ಗೊಣಗಿದಳು, ಪ್ರತಿ ಸಲವೂ ಬಂದಳು. ಆದಂ ಮೆಶಿನಿನ ಮುಂದೆ ಕೂತು ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದ.

ಹೆದರಿಕೆ ಸುಹರಾಳಿಗೆ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಈ ಬಟ್ಟೆ ಕೆಟ್ಟರೆ ಅಂಗಡಿಯ ಹೆಸರು ಕೆಡುತ್ತದೆ, ಅದು ಸರಿ. ಅದಕ್ಕಿಂತ ದೊಡ್ಡದೊಂದಿತ್ತು. ಕೆಟ್ಟರೆ ಉಳಿದ ಆಯುಸ್ಸೆಲ್ಲ ಅವಳು ಅಳತೆ ಕೂಗುವವಳೇ. ಇನ್ನೊಮ್ಮೆ ಬಾಯಿ ತೆರೆದು ನಾನು ಕತ್ತರಿಸುತ್ತೇನೆ ಎನ್ನುವ ಹಾಗಿಲ್ಲ. ಅದು ಗೊತ್ತಿದ್ದೇ ಅವಳು ಭವ್ಯಶ್ರೀಗೆ ಫೋನು ಮಾಡಿ ಬರಲು ಹೇಳಿದಳು.

ಆ ದಿನ ಕಲಂಕಾರಿಯನ್ನು ಭವ್ಯಶ್ರೀಯ ಬೆನ್ನ ಮೇಲೆ ಇಳಿಬಿಟ್ಟಳು. ನೆರಿಗೆಗಳನ್ನು ಒಂದೊಂದೇ ಹಿಡಿದು, ಹೊಂಡ ಇದ್ದಲ್ಲಿ ಒಳಗೆ ಒತ್ತಿ, ತಗ್ಗಿದ ಭುಜಕ್ಕೆ ತಕ್ಕ ಹಾಗೆ ವಾರೆ ಮಾಡಿ ಸೂಜಿ ಚುಚ್ಚಿದಳು. ಮೇಜಿನ ಮೇಲೆ ಎಂದೂ ಕೂರದ ನೆರಿಗೆಗಳು ಅವಳ ಬೆರಳಿನ ಅಡಿಯಲ್ಲಿ ಕೂತವು. ಇನ್ನು ಉಳಿದದ್ದು ಎರಡು ಕಡೆ ಕತ್ತರಿ ಹಾಕುವುದು. ಬದಿಯ ಬಟ್ಟೆ ಲಂಗವಾಗಿ ಬಿಚ್ಚಿಕೊಳ್ಳಲು ಸೊಂಟದ ಮಟ್ಟದಲ್ಲಿ ಎರಡು ಬದಿಯಿಂದ ಅಡ್ಡಕ್ಕೆ ಕತ್ತರಿಸುತ್ತಾ ಬಂದು ನೆರಿಗೆಯ ಅಂಚಿನಲ್ಲಿ ನಿಲ್ಲಿಸಬೇಕು. ನಿಲ್ಲಿಸದೆ ಮುಂದೆ ಹೋದರೆ ಬೆನ್ನೇ ಹೋಯಿತು.

ಹೊರಗೆ ಮೆಶಿನಿನ ಸದ್ದು ನಿಂತಿತು. ಆದಂ ಕಿವಿಗೊಟ್ಟಿದ್ದಾನೆ ಎಂದು ಅವಳಿಗೆ ತಿಳಿಯಿತು. ಬಿಸ್ಮಿಲ್ಲಾ ಎಂದು ಬಲಬದಿ ಕತ್ತರಿಸಿದಳು. ಹೂವಿನ ತೊಟ್ಟಿನ ಪಕ್ಕದಲ್ಲಿ, ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ ನಿಂತಿತು. ಎಡಬದಿಗೆ ಬಂದಳು. ಒಂದು ಚೆನ್ನಾಗಿ ಆದ ಧೈರ್ಯದಲ್ಲಿ ಕೈ ಸ್ವಲ್ಪ ಬೇಗ ಹೋಯಿತು. ಕತ್ತರಿ ನೆರಿಗೆಯ ಅಂಚು ದಾಟಿ ಒಂದು ಬೆರಳಿನಷ್ಟು ಒಳಗೆ ಹೋಗಿ ನಿಂತಿತು.

ಸುಹರಾ ಕತ್ತರಿ ಹಿಂದಕ್ಕೆ ಎಳೆದಳು. ಭವ್ಯಶ್ರೀಗೆ ಕಾಣುತ್ತಿರಲಿಲ್ಲ, ಹೊರಗಿನವನಿಗಂತೂ ಇಲ್ಲವೇ ಇಲ್ಲ. ಎರಡು ಸೂಜಿ ಚುಚ್ಚಿ ಮುಚ್ಚಿದರೆ ಈ ದಿನಕ್ಕೆ ಕಳೆಯುತ್ತಿತ್ತು. ಆದರೆ ಹಾಳಾದರೆ ನಾನೇ ಹೇಳುತ್ತೇನೆ ಎಂದದ್ದು ಅವಳೇ ಅಲ್ಲವೇ?

“ಮೇಡಂ, ಎಡಗಡೆ ಒಂದು ಬೆರಳು ಹೆಚ್ಚು ಕತ್ತರಿಸಿ ಹೋಯ್ತು. ನನ್ನ ತಪ್ಪು,” ಎಂದಳು. ಗಂಡನಿಗೂ ಕೇಳಲಿ ಎಂದು ದನಿ ತಗ್ಗಿಸಲಿಲ್ಲ.

ಭವ್ಯಶ್ರೀ ಮುಖ ಸಣ್ಣದು ಮಾಡಿಕೊಂಡಳು. ಕೋಪಕ್ಕಿಂತ ಅಳುವೇ ಹತ್ತಿರವಿತ್ತು. ಪರದೆಯ ಕಡೆ ತಿರುಗಿ ಕೇಳಿದಳು.

“ಆದಮಣ್ಣ, ನಿಮಗೆ ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ?”

ಸುಹರಾ ಕತ್ತರಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಆಗುತ್ತದೆ ಎಂದರೆ, ಬಟ್ಟೆ ಪರದೆಯ ಅಡಿಯಿಂದ ಹೊರಗೆ ಹೋಗುತ್ತದೆ. ಬಟ್ಟೆಯ ಹಿಂದೆ ಎಲ್ಲವೂ ಹೋಗುತ್ತದೆ. ಆದಂ ಬಾಯಿ ತೆರೆಯುವ ಮೊದಲು ಅವಳೇ ಮಾತಾಡಿದಳು.

“ಅವರನ್ನು ಕೇಳ್ಬೇಡಿ ಮೇಡಂ. ಕತ್ತರಿಸಿದ್ದು ನಾನು, ಸರಿ ಮಾಡುದೂ ನಾನೇ. ಎರಡು ಕೈ ಎತ್ತಿ ನಿಲ್ಲಿ, ಅಲ್ಲಾಡ್ಬೇಡಿ.”

ಅವಳ ದನಿಯಲ್ಲಿ ಏನಿತ್ತೋ, ಭವ್ಯಶ್ರೀ ಕೈ ಎತ್ತಿ ನಿಂತಳು. ಹೊರಗೆ ಮೆಶಿನಿನ ಸದ್ದು ಮತ್ತೆ ಶುರುವಾಯಿತು. ಸುಹರಾ ಎಡಗಡೆಯ ಕೊನೆಯ ನೆರಿಗೆಯ ಸೂಜಿ ಕಿತ್ತು, ಅದನ್ನು ಒಂದು ಬೆರಳು ಹೊರಕ್ಕೆ ಎಳೆದು, ಸೀಳು ಮಡಿಕೆಯ ಅಡಿಗೆ ಹೋಗುವ ಹಾಗೆ ಕೂರಿಸಿದಳು. ಸೀಳಿನ ಅಡಿಗೆ ಇಡಲು, ಕತ್ತರಿಸಿ ಉಳಿದ ಚೂರಿನಿಂದ ಹೆಬ್ಬೆರಳಿನಗಲದ ಒಂದು ತುಂಡು ಕತ್ತರಿಸಿದಳು. ಎಡ ಒಂದು ತರ, ಬಲ ಒಂದು ತರ ಆಗಬಾರದಲ್ಲ, ಚೆನ್ನಾಗಿದ್ದ ಬಲಗಡೆಯ ನೆರಿಗೆಯನ್ನೂ ಬಿಚ್ಚಿ ಅಷ್ಟೇ ಹೊರಗೆ ತಂದಳು. ಸೊಂಟ ನೋಡಲು ಇನ್ನೂ ಸಣ್ಣದಾಯಿತು. ಆಮೇಲೆ ಭವ್ಯಶ್ರೀಯನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಕೈಗೆ ಇನ್ನೊಂದು ಕನ್ನಡಿ ಕೊಟ್ಟಳು. ಅವಳು ಬಹಳ ಹೊತ್ತು ಹುಡುಕಿದಳು. ತಪ್ಪು ಎಲ್ಲಿ ಎಂದು ಸುಹರಾಳೇ ಬೆರಳಿಟ್ಟು ತೋರಿಸಬೇಕಾಯಿತು.

ಹೊಲಿಗೆ ಗಂಡಹೆಂಡಿರಿಬ್ಬರೂ ಕೂತು ಕೈಯಲ್ಲೇ ಹಾಕಿದರು, ಲಂಗದ ಸುತ್ತು ಮುಗಿಯುವುದೇ ಇಲ್ಲವೇನೋ ಎನ್ನಿಸುವಷ್ಟು ಉದ್ದ. ಆ ದಿನದ ಮಾತನ್ನು ಆದಂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಮ್ಮೆ ಮಾತ್ರ ಅವನು ಬೆನ್ನಿನ ಒಳಮಗ್ಗುಲು ತಿರುಗಿಸಿ, ಆ ಪುಟ್ಟ ತುಂಡಿನ ಮೇಲೆ ಹೆಬ್ಬೆರಳು ಆಡಿಸಿ, ಮತ್ತೆ ಸೂಜಿಗೆ ದಾರ ಪೋಣಿಸಿದ. ಗೌನು ಸಮಯಕ್ಕೆ ಮುಗಿಯಿತು. ಭವ್ಯಶ್ರೀ ತೊಟ್ಟು ಕುಣಿದಳು, ಫೋಟೊ ಕಳಿಸಿದಳು.

ಎರಡು ವಾರ ಕಳೆದು ಅವಳು ಕೂಟದ ಇನ್ನೊಬ್ಬಾಕೆಯನ್ನು ಕರೆದುಕೊಂಡು ಬಂದಳು. ನರೆತ ಕೂದಲಿನ, ಎತ್ತರದ ಹೆಂಗಸು. ಅಂಗಡಿ ತುಂಬ ಯೂನಿಫಾರ್ಮಿಗೆ ಬಂದ ತಾಯಂದಿರು. ಆಕೆ ಎಲ್ಲರೂ ಮಾಡುವುದನ್ನೇ ಮಾಡಿದಳು. ತಂದ ಹಸಿರು ರೇಷ್ಮೆಯನ್ನು ನೇರ ಆದಮನ ಮೇಜಿನ ಮೇಲೆ ಹರಡಿ, ಭವ್ಯಶ್ರೀಗೆ ಕತ್ತರಿಸಿದ ಹಾಗೆಯೇ ಕತ್ತರಿಸಿ ಕೊಡಬೇಕೆಂದು ಅವನಿಗೇ ಇಂಗ್ಲಿಷಿನಲ್ಲಿ ಹೇಳಿದಳು. ಭವ್ಯಶ್ರೀ ತಿದ್ದಲು ಹೊರಟಳು. ಆದಂ ಅವಳಿಗಿಂತ ಮೊದಲು ಎದ್ದು ನಿಂತಿದ್ದ. ರೇಷ್ಮೆಯನ್ನು ಸುಕ್ಕಾಗದ ಹಾಗೆ ಮಡಚಿದ.

“ಇವರಿಗೆ ಹೇಳಿ ಮೇಡಂ, ಈ ಕಟಿಂಗ್ ನನಗೆ ಬರುದಿಲ್ಲ. ನನ್ನ ಹೆಂಡತಿಗೆ ಬರ್ತದೆ.”

ತನಗೆ ಬಾರದ ಕಟಿಂಗ್ ಒಂದಿದೆ ಎಂದು ಆ ಮನುಷ್ಯ ಗಿರಾಕಿಗಳ ಎದುರು ಹೇಳಿದ್ದು ಅದೇ ಮೊದಲು. ಅದು ಅವನಿಗೆ ಎಷ್ಟು ಭಾರದ ಮಾತು ಎಂದು ಆ ಅಂಗಡಿಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಸುಹರಾಳಿಗೆ ಸಂತೋಷವಾಯಿತು, ಅವನ ಬಗ್ಗೆ ಮರುಕವೂ ಆಯಿತು, ಎರಡೂ ಒಟ್ಟಿಗೇ. ಅವಳು ಗಂಡನ ಕೈಯಿಂದ ರೇಷ್ಮೆ ತೆಗೆದುಕೊಂಡಳು. ಪರದೆ ಸರಿಸಿ, ಆ ಹೆಂಗಸಿಗೆ ಒಳಗೆ ಬನ್ನಿ ಎಂದಳು.