ಪ್ರಾರ್ಥನೆಯ ಎಣ್ಣೆ ಬೇಳೆಗೆ ಬಿದ್ದ ಸುದ್ದಿ

ವಿಶ್ವಾಸದಲ್ಲಿ ನನ್ನ ಒಡಹುಟ್ಟಿದವರಾದ ಎಲ್ಲರಿಗೂ ಸುಂದರಮ್ಮನ ವಂದನೆಗಳು. ಬರೆಯಲು ಕೂತರೆ ಮೊದಲು ಆಯಾಸವೇ ನೆನಪಾಗುತ್ತದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಸುಲೇಪೇಟದ ಹತ್ತಿರದ ಒಂದು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುವುದು ಈ ಕೆಲಸದಿಂದಲೇ. ಕಳೆದ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ದಿನ ಅರವತ್ತು ಮಕ್ಕಳಿಗೆ ಅನ್ನ, ಬೇಳೆಸಾರು ಮಾಡಿದೆ. ಉಣ್ಣಲು ಬಂದವರು ನಾಲ್ವರು. ಉಳಿದವರು ಮನೆಯಿಂದ ತಂದ ಬುತ್ತಿ ಬಿಚ್ಚಿ ನನಗೆ ಬೆನ್ನು ಹಾಕಿ ಕೂತರು. ಮರುದಿನ ಆ ನಾಲ್ವರೂ ಬರಲಿಲ್ಲ.

ಕಾರಣ ಹೆಡ್‌ಮಾಸ್ತರರಿಂದ ತಿಳಿಯಿತು. ನನಗೆ ಮೊಣಕಾಲು ನೋವು. ಸೇಡಂನ ನಮ್ಮ ಪಾಸ್ಟರು ಪ್ರಾರ್ಥಿಸಿ ಕೊಟ್ಟ ಎಣ್ಣೆಯ ಸೀಸೆ ಚೀಲದಲ್ಲಿರುತ್ತದೆ. ರಜೆಗೆ ಮುಂಚೆ ಅಡುಗೆಕೋಣೆಯಲ್ಲಿ ಯೇಸುವಿನ ಹೆಸರು ಹೇಳಿ ಅದನ್ನು ಕಾಲಿಗೆ ಹಚ್ಚಿಕೊಳ್ಳುವುದನ್ನು ಯಾರೋ ಕಂಡಿದ್ದರು. ಸುದ್ದಿ ಊರು ಸುತ್ತಿ ಬರುವಷ್ಟರಲ್ಲಿ ಎಣ್ಣೆ ನನ್ನ ಕಾಲಿನಿಂದ ಬೇಳೆಯ ಬೋಗುಣಿಗೆ ಬಿದ್ದಿತ್ತು. ಉಂಡ ಮಕ್ಕಳೆಲ್ಲ ಕ್ರೈಸ್ತರಾಗುತ್ತಾರಂತೆ! ಹಾಗಿದ್ದರೆ ವರ್ಷಗಟ್ಟಲೆ ನನ್ನ ಕೈಯಡುಗೆ ಉಂಡ ನನ್ನ ತಮ್ಮ ಎಂದೋ ಆಗಬೇಕಿತ್ತು. ಅವನು ಇವತ್ತಿಗೂ ನನ್ನ ಬೈಬಲ್ ಕಂಡರೆ ನಗುತ್ತಾನೆ.

ಹದಿನೈದು ದಿನ ಅಡುಗೆ ಮಾಡಿ ದನಗಳಿಗೆ ಸುರಿದೆ. ಶನಿವಾರ ಹೆಡ್‌ಮಾಸ್ತರರು ಕರೆದರು.

"ಸುಂದರಮ್ಮ, ಸಾಲಿ ಸಮಿತಿಯವರು ದಿನಾ ಬಂದು ಕುಂದರಲಿಕತ್ತಾರ. ಇನ್ನ ಮ್ಯಾಲ ಪ್ರಾರ್ಥನಾಕ್ಕ ಹೋಗಂಗಿಲ್ಲಂತ ಒಂದು ಕಾಗದದ ಮ್ಯಾಲ ಸಹಿ ಮಾಡು. ಮನಸ್ಸಿನ್ಯಾಗ ಏನರ ಇಟ್ಕೋ, ಯಾರು ನೋಡ್ತಾರ? ಇಲ್ಲಂದ್ರ ಬ್ಯಾರೆಯವರನ್ನ ಹಚ್ಚತಾರ."

ಅವರು ಕೆಟ್ಟವರಲ್ಲ, ಅದಕ್ಕೇ ಮಾತು ಇನ್ನಷ್ಟು ನಾಟಿತು. ಸೋಮವಾರದವರೆಗೆ ಸಮಯ ಕೇಳಿ ಕಾಗದ ಮನೆಗೆ ತಂದೆ. ಭಾನುವಾರ ಸೇಡಂಗೆ ಹೋಗಲಿಲ್ಲ. ಮೊಣಕಾಲೂರಲು ಆಗದೆ ಗೋಡೆಗೆ ಒರಗಿ ಪ್ರಾರ್ಥಿಸಿದೆ: "ಕರ್ತನೇ, ನನಗೆ ಸಾಕಾಗಿದೆ. ನಾಳೆ ಸಹಿ ಮಾಡಿದರೆ ಈಗಲೇ ಕ್ಷಮಿಸಿಬಿಡು." ಇಂಥ ಪ್ರಾರ್ಥನೆ ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ನೋಡಿದರೆ ಶರಣಮ್ಮನವರು. ಕೊರಳಲ್ಲಿ ಲಿಂಗ ಕಟ್ಟಿದ ದೊಡ್ಡ ಮನೆಯ ಮುದುಕಿ, ಮೊಮ್ಮಗಳು ನಮ್ಮ ಶಾಲೆಯ ನಾಲ್ಕನೆಯ ತರಗತಿಯಲ್ಲಿದ್ದಾಳೆ. ನಮ್ಮ ಓಣಿಗೆ ಅವರು ಯಾವತ್ತೂ ಬಂದವರಲ್ಲ. ಬೈಯಲು ಬಂದರೆಂದೇ ತಿಳಿದೆ.

"ಸುಂದ್ರವ್ವ, ನಿನ್ನ ಹಂತ್ಯಾಕ ಏನೋ ಎಣ್ಣಿ ಅದಂತಲ್ಲ? ನನ್ನ ಮಣಕಾಲ ನಿನ್ನವಕ್ಕಿಂತ ಹಳೇವು. ಚೂರು ಹಚ್ಚವಾ," ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಮ್ಮನೆ ಹಚ್ಚಿ ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. "ಯವ್ವಾ, ಇದು ಅಂಗಡಿ ಕೊಬ್ಬರಿ ಎಣ್ಣಿ ಅದರಿ. ಎಣ್ಣ್ಯಾಗ ಏನಿಲ್ಲ. ನಾ ಬೇಡಿಕೊಳ್ಳೂದು ಯೇಸುಸ್ವಾಮಿಗಿ. ಅದನ್ನ ಮುಚ್ಚಿಟ್ಟು ನಿಮಗ ಹಚ್ಚಂಗಿಲ್ಲರಿ," ಎಂದೆ.

ಅವರು ಸೀಸೆ ಮೂಸಿ ನೋಡಿದರು. "ಇದನ್ನ ಬ್ಯಾಳ್ಯಾಗ ಹಾಕಿದಿ ಅಂತಾರೇನು?" ಎಂದು ಹುಬ್ಬು ಗಂಟಿಕ್ಕಿದರು. ಆಮೇಲೆ ಕಾಲು ಚಾಚಿದರು. "ನೀ ನಿನ್ನ ದೇವ್ರನ್ನ ನೆನಿ, ನಾ ನನ್ನ ಲಿಂಗಯ್ಯನ್ನ ನೆನೀತೀನಿ. ತಿಕ್ಕು."

ಸೋಮವಾರ ಸಹಿಯಿಲ್ಲದ ಕಾಗದ ಚೀಲದಲ್ಲಿಟ್ಟುಕೊಂಡೇ ಅಡುಗೆಗೆ ಹೋದೆ. ಊಟದ ಹೊತ್ತಿಗೆ ಶರಣಮ್ಮನವರು ಶಾಲೆಗೇ ಬಂದರು. ಕಟ್ಟೆಯ ಮೇಲೆ ಕೂತಿದ್ದ ಸಮಿತಿಯವರತ್ತ ಕೋಲು ತೋರಿಸಿದರು.

"ಕೊಬ್ಬರಿ ಎಣ್ಣಿ ಬಿದ್ದ ಬ್ಯಾಳಿ ನಮ್ಮ ಕಡಿ ನಾಯಿನರ ಮುಟ್ಟತದೇನ್ರೋ? ಹುಡುಗ್ರು ಮೊದಲನೇ ತುತ್ತಿಗೇ ಉಗುಳತಿದ್ವು! ಶೇಂಗಾ, ಕುಸುಬಿ ಎಣ್ಣಿ ಉಂಡು ಬೆಳದವ್ರು ನೀವು, ಇಷ್ಟು ತಿಳೀಲಿಲ್ಲೇನು?"

ಶರಣಮ್ಮನವರು ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಾಟು ಮುಂದಿಟ್ಟರು. ಎರಡು ಸಲ ಸಾರು ಹಾಕಿಸಿಕೊಂಡು, ಉಪ್ಪು ಕಡಿಮೆ ಎಂದು ನನ್ನನ್ನೂ ಬೈದರು. ಅಂದು ಹನ್ನೊಂದು ಮಕ್ಕಳು ಉಂಡರು. ಸಂಕ್ರಾಂತಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಂದರು. ಹೆಡ್‌ಮಾಸ್ತರರು ಕಾಗದದ ಸುದ್ದಿ ಎತ್ತಲಿಲ್ಲ, ನಾನೂ ಅದನ್ನು ಹರಿದು ಹಾಕಿದೆ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಈಗಲೂ ಬುತ್ತಿ ಕಟ್ಟಿಯೇ ಕಳಿಸುತ್ತಾರೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಶರಣಮ್ಮನವರ ಕಾಲೂ ನೆಟ್ಟಗಾಗಿಲ್ಲ, ನನ್ನದೂ ಆಗಿಲ್ಲ. ದಣಿವು ಇದ್ದೇ ಇದೆ. ಆದರೆ ಬೀಳುವ ಮೊದಲೇ ಕ್ಷಮೆ ಕೇಳಿದ ನನ್ನನ್ನು ಕರ್ತನು ಬೀಳಲು ಬಿಡಲಿಲ್ಲ. ಬದುಕಿರುವವರೆಗೂ ಆತನಿಗೆ ನನ್ನ ಸ್ತೋತ್ರ.

ಇನ್ನೊಂದು ಮಾತು ಹೇಳದಿದ್ದರೆ ಈ ಸಾಕ್ಷಿ ಅರ್ಧವೇ. ಸೇಡಂಗೆ ಹೋಗುವ ಬಸ್ಸು ನಮ್ಮ ಪ್ರಾರ್ಥನಾ ಮಂದಿರದ ಮುಂದೆಯೇ ಹಾದುಹೋಗುತ್ತದೆ. ಐದು ವರ್ಷ ನಾನು ಅಲ್ಲಿ ಇಳಿದವಳಲ್ಲ. ಊರಿನವರು ಕಂಡಾರೆಂದು ಬಸ್ ನಿಲ್ದಾಣದವರೆಗೆ ಹೋಗಿ, ಸಂತೆಗೆ ಬಂದವಳ ಹಾಗೆ ಖಾಲಿ ಚೀಲ ಹಿಡಿದು ಹಿಂದಕ್ಕೆ ನಡೆಯುತ್ತಿದ್ದೆ. ಶರಣಮ್ಮನವರು ಶಾಲೆಗೆ ಬಂದುಹೋದ ವಾರದ ಭಾನುವಾರ ಬಸ್ಸಿನಲ್ಲಿ ಎದ್ದು ನಿಂತು, "ಇಲ್ಲೇ ನಿಂದರಸ್ರಿ," ಎಂದೆ.

"ಇಲ್ಲೇನದಮ್ಮ?" ಎಂದರು ಕಂಡಕ್ಟರ್.

"ನಮ್ಮ ಪ್ರಾರ್ಥನಾ ಮಂದಿರ ಅದರಿ."

ಬಸ್ಸಿನಲ್ಲಿ ನಮ್ಮೂರಿನ ನಾಲ್ಕು ಜನ ಇದ್ದರು. ಅವರೆಲ್ಲ ನೋಡುತ್ತಿದ್ದಂತೆಯೇ ನಾನು ಇಳಿದೆ.