ಅಲ್ವೀನಾ ಟ್ಯಾಂಕು ಖಾಲಿ ಮಾಡಿದ ಭಾನುವಾರ

ಅಲ್ವೀನಾ ಥೋರ್ಸ್‌ಗಾರ್ಡ್ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ರೇಡಿಯೋದವನು ಹಿಮ ಬೀಳತ್ತೆ ಅಂದರೆ ಬಾಗಿಲು ತೆಗೆದು ಗಾಳಿ ಮೂಸಿ ನೋಡುವಳು. ಪಾದ್ರಿ ಭಾನುವಾರ ಏನಾದರೂ ಹೇಳಿದರೆ ಮನೆಗೆ ಬಂದು ಬೈಬಲ್ ತೆಗೆದು, ಅದು ಹಾಗೇ ಇದೆಯಾ ಅಂತ ಕಣ್ಣಾಡಿಸುವಳು. ಅದನ್ನು ಕೆಟ್ಟ ಗುಣ ಅನ್ನೋದಕ್ಕೂ ಆಗದು. ವಿಸ್ಕಾನ್ಸಿನ್ನಿನ ಆ ಕಣಿವೆಯಲ್ಲಿ ಒಂದೊಂದೇ ಕೊಟ್ಟಿಗೆ ಖಾಲಿಯಾಗುತ್ತಾ ಬಂದರೂ ಅವಳದು ತುಂಬಿಕೊಂಡಿದ್ದದ್ದು ಆ ಗುಣದಿಂದಲೇ. ಹೊಸ ಹಸು ಕೊಳ್ಳುವಾಗ ಮಾರುವವನ ಬಾಯಿ ನೋಡುತ್ತಿರಲಿಲ್ಲ, ಹಸುವಿನ ಗೊರಸು ನೋಡುತ್ತಿದ್ದಳು.

ಹತ್ತೊಂಬತ್ತನೇ ವಯಸ್ಸಿಗೆ ಗುನ್ನರ್‌ನ ಕೈ ಹಿಡಿದು ಆ ಮನೆಗೆ ಬಂದವಳು. ಗುನ್ನರ್ ಒಂದು ಬೇಸಿಗೆ ಒಣಹುಲ್ಲಿನ ಕಟ್ಟು ಎತ್ತುತ್ತಾ ಎತ್ತುತ್ತಾ ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಸಂಜೆಯೂ ಅಲ್ವೀನಾ ಕಪ್ಪು ಬಟ್ಟೆ ಬಿಚ್ಚಿಟ್ಟು ಹಾಲು ಕರೆಯಲು ಹೋದಳು. ಇದು ಸಾವಿನ ಮನೆ ಅಂತ ಹಸುಗಳಿಗೆ ತಿಳಿಯತ್ತಾ?

ಮಗ ಲೈಲ್‌ಗೆ ಹುಲ್ಲಿನ ಧೂಳು ಮೂಗಿಗೆ ಹೋದರೆ ಉಬ್ಬಸ. ಅವನು ರಸ್ತೆಯ ಹಿಮ ತೆಗೆಯುವ ಸರ್ಕಾರಿ ಲಾರಿ ಓಡಿಸಿಕೊಂಡಿದ್ದ. ಹಾಗಾಗಿ ಕೊಟ್ಟಿಗೆಯಲ್ಲಿ ಅಲ್ವೀನಾಳ ಜೊತೆ ನಿಂತವಳು ಸೊಸೆ ಕೊರಿನ್. ಅವಳು ಪೇಟೆಯ ಹುಡುಗಿ. ಅವಳ ತಾಯಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. ಬಂದಾಗ ಹಸುವಿನ ಹಿಂದೆ ನಿಲ್ಲಬಾರದು ಅನ್ನೋದೂ ಗೊತ್ತಿರಲಿಲ್ಲ, ಒದೆ ತಿಂದು ಕಲಿತಳು. ಕಲಿತ ಮೇಲೆ ಚೆನ್ನಾಗೇ ಕಲಿತಳು. ಒಂದೇ ಕೊರತೆ, ಅರೆತಲೆನೋವು. ಅದು ಬಂತೆಂದರೆ ಎರಡು ದಿನ ಮಾಳಿಗೆ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಮಲಗಿಬಿಡುವಳು. ಆ ಎರಡು ದಿನ ಅಲ್ವೀನಾ ಒಬ್ಬಳೇ ಕರೆಯಬೇಕು.

ಸಾವಿರದ ಒಂಬೈನೂರ ತೊಂಬತ್ತೇಳರ ಚಳಿಗಾಲದಲ್ಲಿ ಅಲ್ವೀನಾಳ ಸೊಂಟದ ಕೀಲು ಸವೆದುಹೋಯಿತು. ಇನ್ನು ಕುಕ್ಕುರುಗಾಲಲ್ಲಿ ಕೂತು ಕೆಚ್ಚಲಿಗೆ ಹಾಲಿನ ಪಂಪು ಹಚ್ಚೋ ಹಾಗಿಲ್ಲ ಅಂದರು ಡಾಕ್ಟರು. ಅವಳ ಮುಂದೆ ಇದ್ದದ್ದು ಎರಡೇ ದಾರಿ. ಕೊಟ್ಟಿಗೆಯನ್ನು ಕೊರಿನ್‌ಳ ಕೈಗೆ ಕೊಡಬೇಕು, ಇಲ್ಲಾ ಹಸುಗಳನ್ನು ಹರಾಜಿಗೆ ಹಾಕಬೇಕು. ಹರಾಜು ಕೂಗುವ ಡೆಲ್ಮರ್ ಬಂದು, ಹಸುಗಳ ಬೆನ್ನು ತಟ್ಟಿ, ಕಾಫಿ ಕುಡಿದು, "ಹುಲ್ಲು ಚಿಗುರೋದರೊಳಗೆ ಹೇಳಿಬಿಡಮ್ಮ" ಅಂತ ಹೋಗಿದ್ದ. ಕೊಡಲೋ ಮಾರಲೋ ಅಂತ ಅಲ್ವೀನಾ ಆ ಚಳಿಗಾಲವೆಲ್ಲ ಸೊಸೆಯನ್ನೇ ನೋಡುತ್ತಾ ಕಳೆದಳು.

ನೋಡಿದಷ್ಟೂ ಅನುಮಾನ ಬೆಳೆಯಿತು. ಕೊರಿನ್ ಈಗ ಮಲಗುತ್ತಲೇ ಇರಲಿಲ್ಲ. ಹಾಲು ಕರೆಯುವ ನಡುವೆ ಮುಖ ಬೂದಿಯ ಹಾಗೆ ಆಗುವುದು, ಒಂದು ಕಣ್ಣು ಮುಚ್ಚಿಕೊಳ್ಳುವಳು, ಕರೆದ ಹಾಲು ತುಂಬಿಡುವ ಟ್ಯಾಂಕು ಇರುವ ಹಾಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಸ್ವಲ್ಪ ಹೊತ್ತಿಗೆ ಕತ್ತು ಕೆಂಪಗೆ ಮಾಡಿಕೊಂಡು ಹೊರಗೆ ಬಂದು, ಏನೂ ಆಗೇ ಇಲ್ಲ ಅನ್ನೋ ಹಾಗೆ ಕೆಲಸ ಹಿಡಿಯುವಳು. ಎರಡು ದಿನ ಕಾಡುವ ನೋವು ಇಷ್ಟರಲ್ಲಿ ಹೋಗತ್ತಾ? ಹಾಗೆ ಹೋಗುವುದಾದರೆ ಮೊದಲಿನದು ನಾಟಕವೇ ಇರಬೇಕು.

"ಏನ್ ಮಾಡ್ತಿದ್ದೆ ಒಳಗೆ?"

"ಕೈ ತೊಳ್ಕೋತಿದ್ದೆ ಅಲ್ವೀನಾ."

"ಇಷ್ಟೊತ್ತಾ? ಇಷ್ಟರಲ್ಲಿ ಮದುವೆ ಹೆಣ್ಣು ಸ್ನಾನ ಮಾಡಿ, ತಲೆ ಒಣಗಿಸ್ಕೊಂಡ್ ಬರ್ತಾಳೆ."

"ಸಗಣಿ ಅಂಟಿತ್ತು."

ಅಲ್ವೀನಾ ಕೈ ನೋಡಿದಳು. ಕೈ ಒಣಗಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಅವಳ ಹಳೆಯ ಗೆಳತಿ ಆರ್ಡಿಸ್ ಬಂದು ಪಕ್ಕದಲ್ಲಿ ಕೂತಳು.

"ನಿನ್ ಸೊಸೆ ಈಚೆಗೆ ಗೆಲುವಾಗಿದಾಳೆ ಕಣೆ. ತಲೆನೋವು ಬಿಡ್ತಾ?"

"ಬಿಡ್ತೋ, ಬಿಡಿಸ್ಕೊಂಡ್ಲೋ, ಯಾರಿಗ್ಗೊತ್ತು."

"ಪೇಟೆ ಔಷಧಿ ಅಂಗಡೀಲಿ ಕಂಡೆ. ನನ್ನ ನೋಡ್ತಿದ್ದ ಹಾಗೆ ಕೈಲಿದ್ದ ಪೊಟ್ಟಣಾನ ಕೋಟೊಳಗೆ ಸೇರಿಸಿಬಿಟ್ಲು. ನಂಗ್ಯಾಕಪ್ಪ ಅಂತ ಸುಮ್ನಾದೆ."

"ಸುಮ್ನಾಗಿದ್ದೋಳು ಈಗ್ಯಾಕೆ ಹೇಳ್ತಿದೀಯ?"

"ನಿಂಗ್ ಹೇಳ್ದೆ ಇನ್ಯಾರಿಗೆ ಹೇಳ್ಲಿ?" ಅಂದಳು ಆರ್ಡಿಸ್. ಅದಕ್ಕೆ ಮೊದಲು ಮೂರು ಮೇಜಿಗೆ ಹೇಳಿಯಾಗಿತ್ತು.

ಆ ರಾತ್ರಿ ಅಲ್ವೀನಾಳಿಗೆ ತಮ್ಮ ಸೆಲ್ಮರ್ ನೆನಪಾದ. ಕೊರಿಯಾ ಯುದ್ಧದಿಂದ ಬೆನ್ನಿಗೆ ಗಾಯ ಮಾಡಿಕೊಂಡು ಬಂದವನಿಗೆ ಸೈನ್ಯದ ಆಸ್ಪತ್ರೆಯಲ್ಲಿ ಹತ್ತಿದ ಮಾರ್ಫಿನ್ ಚಟ ಬಿಡಲೇ ಇಲ್ಲ. ಸೂಜಿ ಚುಚ್ಚಿಕೊಂಡು ಒಲೆಯ ಪಕ್ಕ ಕೂತರೆ ಮುಗಿಯಿತು. ಹಸು ಕರು ಹಾಕಲಿ, ಮನೆ ಹತ್ತಿ ಉರಿಯಲಿ, ಸಣ್ಣಗೆ ನಗುತ್ತಾ ಕೂತಿರುವನು. ಕೊನೆಗೆ ಒಂದು ಜನವರಿಯಲ್ಲಿ ಮರ ಕೊಯ್ಯುವ ಮಿಲ್ಲಿನ ಹಿಂದೆ ಸೆಟೆದುಹೋಗಿ ಸಿಕ್ಕ. ಅಂದಿನಿಂದ ಮನುಷ್ಯರ ಕೈಯಲ್ಲಿ ಸೂಜಿ ಕಂಡರೆ ಅಲ್ವೀನಾಳ ಮಾತು ಕತ್ತಿಯಾಗುತ್ತಿತ್ತು. ತನಗೆ ತಾನೇ ಚುಚ್ಚಿಕೊಳ್ಳುವವರನ್ನು ಹೊಸಿಲೊಳಗೆ ಬಿಡಬಾರದು ಅಂತ ಊಟದ ಮೇಜಿನಲ್ಲೇ ಎಷ್ಟೋ ಸಲ ಅಂದಿದ್ದಳು. ಲೈಲ್, ಕೊರಿನ್ ಇಬ್ಬರೂ ತಲೆ ತಗ್ಗಿಸಿ ಆಲೂಗಡ್ಡೆ ತಿಂದಿದ್ದರು.

ಆಮೇಲೆ ಆ ಶನಿವಾರದ ಸಂಜೆ ಬಂತು.

ಅಲ್ವೀನಾ ಗೋದಲಿಯ ಕಡೆಯಿಂದ ಮೇವು ದೂಡುತ್ತಾ ಬರುತ್ತಿದ್ದಳು. ಟಿಲ್ಲಿ ಅನ್ನೋ ಹಸುವಿನ ಮಗ್ಗುಲಲ್ಲಿ ಕೊರಿನ್ ಮುದುಡಿ ಕೂತಿದ್ದಳು, ಬೆನ್ನು ಈ ಕಡೆಗೆ. ಹತ್ತಿಯಿಂದ ಏನನ್ನೋ ಒರೆಸಿದಳು. ಸ್ಪಿರಿಟ್ಟಿನ ವಾಸನೆ ಸಗಣಿ ವಾಸನೆಯನ್ನು ಸೀಳಿಕೊಂಡು ಬಂತು. ಟಿಕ್ ಅಂತ ಒಂದು ಸದ್ದು. ಟಿಲ್ಲಿ ಬಾಲ ಬೀಸಿತು. ಕೊರಿನ್ ಪೆನ್ನಿನಂಥದ್ದೇನನ್ನೋ ಎದೆಯ ಜೇಬಿಗೆ ಹಾಕಿಕೊಂಡು, ಹಸುವಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಹಾಗೇ ಕೂತು, ಎದ್ದು ಹೋದಳು. ಹೋದ ಮೇಲೆ ಅಲ್ವೀನಾ ಕೋಲೂರಿಕೊಂಡು ಬಂದು ನೋಡಿದರೆ ಹುಲ್ಲಿನಲ್ಲಿ ಒದ್ದೆ ಹತ್ತಿಯ ತುಂಡು ಬಿದ್ದಿತ್ತು.

ಕೊಟ್ಟಿಗೆಯಲ್ಲಿ ಸ್ಪಿರಿಟ್ ಹತ್ತಿ ಬಿದ್ದಿದೆ ಅಂದರೆ ಅಲ್ಲಿಯವರಿಗೆ ಅದಕ್ಕೆ ಒಂದೇ ಅರ್ಥ. ಹಸುವಿಗೆ ಔಷಧಿ ಚುಚ್ಚಿದಾರೆ. ಔಷಧಿ ಚುಚ್ಚಿದ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಬೇಕು, ಅದರ ಹಾಲು ಟ್ಯಾಂಕಿಗೆ ಹೋಗಬಾರದು. ಟಿಲ್ಲಿಯ ಕಾಲಲ್ಲಿ ಪಟ್ಟಿ ಇರಲಿಲ್ಲ. ಅಲ್ವೀನಾ ಕೆಚ್ಚಲು ಮುಟ್ಟಿ ನೋಡಿದಳು. ಒಂದು ಕಡೆ ಸ್ವಲ್ಪ ಗಟ್ಟಿ ಅನ್ನಿಸಿತು. ಅನುಮಾನದ ಕೈಗೆ ಯಾವುದು ಗಟ್ಟಿ ಅನ್ನಿಸದು!

ಅವಳ ಲೆಕ್ಕ ಚಕಚಕ ಕೂಡಿಕೊಂಡಿತು. ಡೆಲ್ಮರ್ ಬಂದು ಹೋದದ್ದು ಸೊಸೆಗೆ ಗೊತ್ತು. ಈಗ ಹಸುವಿಗೆ ಕೆಚ್ಚಲು ಬಾವು ಅಂತ ತಿಳಿದರೆ ಅತ್ತೆ ಕೊಟ್ಟಿಗೆ ಕೊಡೋದಿಲ್ಲ. ಅದಕ್ಕೇ ಕದ್ದು ಚುಚ್ಚಿದಾಳೆ, ಹಾಲನ್ನೂ ಟ್ಯಾಂಕಿಗೇ ಬಿಟ್ಟಿದಾಳೆ. ಹಾಲುಮನೆಯ ಬಾಗಿಲು ಹಾಕಿಕೊಳ್ಳೋದು, ಕೋಟೊಳಗಿನ ಪೊಟ್ಟಣ, ಎಲ್ಲಾ ಇದಕ್ಕೇ. ಹಿಂದಿನ ಶರತ್ಕಾಲದಲ್ಲೇ ಒಂದು ಸಲ ಹಾಲಿನಲ್ಲಿ ಔಷಧಿ ಸಿಕ್ಕಿ ಚೀಸ್ ಫ್ಯಾಕ್ಟರಿಯವರು ಎಚ್ಚರಿಕೆ ಕೊಟ್ಟಿದ್ದರು. ಇನ್ನೊಂದು ಸಲ ಸಿಕ್ಕರೆ ನಿಮ್ಮ ಹಾಲೇ ಬೇಡ ಅಂದಿದ್ದರು. ಪರೀಕ್ಷೆ ಮಾಡಿ ಅಂತ ತಾನೇ ಕರೆದು ಹೇಳಿದರೆ ಹೆಸರು ಹೋದ ಹಾಗೇ. ಸೊಸೆಯನ್ನು ಕೇಳೋಣ ಅಂದರೆ ಒಣಗಿದ ಕೈಯನ್ನು ತೊಳೆದೆ ಅಂದವಳು, ಅವಳ ಮಾತಿಗೆ ಏನು ಬೆಲೆ?

ಭಾನುವಾರ ಬೆಳಿಗ್ಗೆ ಸೊಂಟ ನೋವು ಅಂತ ಅಲ್ವೀನಾ ಚರ್ಚಿಗೆ ಹೋಗಲಿಲ್ಲ. ಮಗ ಸೊಸೆಯ ಕಾರು ತಿರುವು ದಾಟಿದ ಮೇಲೆ ಹಾಲುಮನೆಗೆ ಹೋಗಿ ಟ್ಯಾಂಕಿನ ಕೊಳಾಯಿ ತಿರುಗಿಸಿಬಿಟ್ಟಳು. ಎರಡು ದಿನದ ಹಾಲು. ಮೊದಲು ಧಡಧಡ ಸುರಿಯಿತು, ಆಮೇಲೆ ಗೊಳಗೊಳ ಅಂತ ನೆಲದ ತೂತಿನಲ್ಲಿ ಇಳಿಯಿತು. ಗೋಡೆ ಹಿಡಿದುಕೊಂಡು ಅದು ಮುಗಿಯುವವರೆಗೂ ನಿಂತಿದ್ದಳು. ಹುಟ್ಟಿದಾಗಿನಿಂದ ಲೋಟದ ತಳದ ಹಾಲನ್ನೂ ಬೆಕ್ಕಿಗೆ ಹಾಕಿದವಳೇ ಹೊರತು ಚೆಲ್ಲಿದವಳಲ್ಲ.

ಆ ಬೆಕ್ಕುಗಳೇ ಅವಳನ್ನು ಹಿಡಿದುಕೊಟ್ಟವು. ಕೊಟ್ಟಿಗೆಯ ಹಿಂದೆ ಚರಂಡಿ ಹೊರಬೀಳುವ ಕಡೆ ಕರಗುವ ಹಿಮದ ಮೇಲೆ ಬಿಳಿಗೆ ಬಿಳಿ ಬೆರೆತು ಏನೂ ಕಾಣುತ್ತಿರಲಿಲ್ಲ. ಆದರೆ ಸುತ್ತಲ ತೋಟದ ಮನೆಗಳ ಬೆಕ್ಕೆಲ್ಲಾ ಅಲ್ಲಿ ಸೇರಿ ನೆಕ್ಕುತ್ತಿದ್ದವು. ಚರ್ಚಿನಿಂದ ಬಂದ ಕೊರಿನ್ ಕಾರಿನಿಂದಿಳಿದವಳೇ ಅದನ್ನು ನೋಡಿ, ಒಳ್ಳೆ ಬೂಟಿನಲ್ಲೇ ಹಾಲುಮನೆಗೆ ಓಡಿದಳು.

"ಅಲ್ವೀನಾ! ಟ್ಯಾಂಕು ಖಾಲಿ! ಯಾರು ಬಿಟ್ಟಿದ್ದು?"

"ನಾನೇ. ನೀನು ಕೆಡಿಸಿದ್ದನ್ನ ನಾನು ಚೆಲ್ಲಿದೆ," ಅಂದಳು ಹಿಂದೆಯೇ ಕೋಲೂರಿಕೊಂಡು ಬಂದ ಅಲ್ವೀನಾ.

"ನಾನೇನ್ ಕೆಡಿಸ್ದೆ?"

"ಟಿಲ್ಲಿಗೆ ಚುಚ್ಚಿದ್ದು ನೋಡಿದೀನಿ ಕಣೆ. ಹತ್ತೀನೂ ಸಿಕ್ಕಿದೆ. ಪಟ್ಟಿ ಎಲ್ಲಿ? ಫ್ಯಾಕ್ಟರಿಯೋರ ಕೈಲಿ ನಮ್ಮ ಬಾಗಿಲು ಹಾಕಿಸ್ಬೇಕು ಅಂತಿದೀಯಾ?"

ಕೊರಿನ್ ನಕ್ಕಳು, ಅಳುವಿನ ನಗು. "ಟಿಲ್ಲಿಗಲ್ಲ. ನಂಗೆ. ನಾನು ಚುಚ್ಕೊಂಡಿದ್ದು ನನ್ ತೊಡೆಗೆ. ಬೇಕಾದ್ರೆ ನನ್ ಕಾಲಿಗೇ ಕೆಂಪು ಪಟ್ಟಿ ಕಟ್ಟಿ!"

ಅಲ್ವೀನಾಳ ಮುಖ ಗಟ್ಟಿಯಾಯಿತು. ಇದು ಅದಕ್ಕಿಂತ ಕೆಟ್ಟದ್ದು. "ಹೂಂ," ಅಂದಳು. "ಸೆಲ್ಮರ್‌ನೂ ತೊಡೆಗೇ ಚುಚ್ಕೋತಿದ್ದ."

"ಅಮ್ಮ, ಅದು ತಲೆನೋವಿಗೆ," ಅಂದ ಬಾಗಿಲಲ್ಲಿ ನಿಂತ ಲೈಲ್. "ಡಾಕ್ಟರೇ ಬರ್ದು ಕೊಟ್ಟಿದ್ದು. ನಾನೇ ನಿಂಗ್ ಹೇಳ್ಬೇಡ ಅಂದೆ."

"ಸುಳ್ಳು ಕಟ್ಟೋಕೂ ಒಂದು ಅಂದಾಜು ಬೇಡ್ವೇನೋ? ತಲೆ ಇರೋದು ಮೇಲೆ, ತೊಡೆ ಇರೋದು ಕೆಳಗೆ. ಛಾವಣಿ ಸೋರಿದ್ರೆ ನೆಲಮಾಳಿಗೆಗೆ ಸಿಮೆಂಟ್ ಹಾಕ್ತಾರಾ?"

ಹಿಮದ ಮೇಲಿನ ಬಿಸಿಲು ಬಾಗಿಲಿನಿಂದ ಕಣ್ಣಿಗೆ ಹೊಡೆಯುತ್ತಿತ್ತು. ಕೊರಿನ್ ಒಂದು ಕಣ್ಣು ಮುಚ್ಚಿ ಗೋಡೆ ತಡವಿದಳು. "ನಿನ್ನೆಯ ನೋವೇ ವಾಪಸ್ ಬರ್ತಿದೆ," ಅಂದಳು ಮೆಲ್ಲಗೆ. "ಲೈಲ್, ಬಾಗಿಲು ಹಾಕು. ದೀಪ ಆರಿಸು. ಅಲ್ವೀನಾ, ನೀವು ಹೋಗ್ಬೇಡಿ. ಅನುಮಾನ ಇದ್ರೆ ಕೂತು ನೋಡಿ."

ಅಲ್ವೀನಾ ಬಕೆಟ್ ಬೋರಲು ಹಾಕಿ, ನೋಯುವ ಸೊಂಟವನ್ನು ಇಳಿಸಿ ಕೂತಳು. ಕಳ್ಳರನ್ನು ಕಾಯುವವಳ ಹಾಗೆ ಕೂತಳು. ಕಿಟಕಿಯ ಸಂದಿನಿಂದ ಬರುತ್ತಿದ್ದ ಬೆಳಕು ಅವಳಿಗೆ ಸಾಕು.

ಕೊರಿನ್ ಮೊದಲು ನೆಲದ ತೂತಿನ ಹತ್ತಿರ ಬಗ್ಗಿ ವಾಂತಿ ಮಾಡಿದಳು. ಅದು ನಾಟಕವಲ್ಲ, ಬೆನ್ನು ಹಾಗೆ ಕಮಾನಾಗುವುದನ್ನು ನಟಿಸಲು ಯಾರಿಗೂ ಬರುವುದಿಲ್ಲ. ಆಮೇಲೆ ಗೂಟಕ್ಕೆ ನೇತು ಹಾಕಿದ್ದ ಕೆಲಸದ ಅಂಗಿಯ ಜೇಬಿನಿಂದ, ಒಳಗೆ ಸೂಜಿ ಅಡಗಿದ್ದ ಆ ಪೆನ್ನು ತೆಗೆದು, ಪುಟ್ಟ ಪೆಟ್ಟಿಗೆಯಿಂದ ಹೊಸ ಔಷಧಿ ತುಂಬಿದಳು. ಎರಡು ಸಲ ಕೈ ತಪ್ಪಿತು. ಚರ್ಚಿನ ಲಂಗ ಸರಿಸಿ, ತೊಡೆಯ ಹೊರಬದಿ ಒರೆಸಿ, ಪೆನ್ನನ್ನು ಒತ್ತಿ ಹಿಡಿದಳು. ಟಿಕ್. ಹಲ್ಲು ಕಚ್ಚಿ ಸ್ವಲ್ಪ ಹೊತ್ತು ಹಾಗೇ ಒತ್ತಿಕೊಂಡು, ತೆಗೆದಳು. ಒಂದು ಹನಿ ರಕ್ತ ಬಂತು.

ಮುಖ, ಕತ್ತು ಕೆಂಪೇರಿತು. ಕೈ ಎದೆಗೆ ಹೋಯಿತು.

"ಎದೆ ಯಾಕೆ ಹಿಡ್ಕೋತೀಯ?" ಅಲ್ವೀನಾ ಬಕೆಟ್ಟಿನಿಂದ ಅರ್ಧ ಎದ್ದಳು. ಅವಳಿಗೆ ಹುಲ್ಲಿನ ಕಟ್ಟಿನ ಪಕ್ಕ ಎದೆ ಹಿಡಿದು ಕೂತ ಗುನ್ನರ್ ಕಂಡ. "ಲೈಲ್, ಡಾಕ್ಟರಿಗೆ ಫೋನ್ ಮಾಡೋ!"

"ಬೇಡ. ಬಿಗಿ ಹಿಡಿಯತ್ತೆ, ಬಿಡತ್ತೆ. ಮೊದಲನೇ ಸೂಜಿ ಡಾಕ್ಟರೇ ಗುಂಡಿಗೆ ಪರೀಕ್ಷೆ ಮಾಡಿ, ಎದುರಿಗೆ ಕೂರಿಸ್ಕೊಂಡು ಹಾಕ್ಸಿದ್ರು. ಮಾತಾಡ್ಸ್ಬೇಡಿ, ಒಂದೊಂದು ಮಾತೂ ಸುತ್ತಿಗೆ ಹೊಡೆದ ಹಾಗಾಗತ್ತೆ."

ಅಲ್ವೀನಾ ಬಾಯಿ ಮುಚ್ಚಿದಳು, ಕಣ್ಣು ಮುಚ್ಚಲಿಲ್ಲ. ಸೆಲ್ಮರ್‌ನ ಮುಖದಲ್ಲಿ ಬರುತ್ತಿದ್ದ ಆ ಸಣ್ಣ ನಗು ಯಾವಾಗ ಬರತ್ತೆ ಅಂತ ಕಾದಳು. ಬರಲಿಲ್ಲ. ಹಣೆಯ ಗಂಟು ಸಡಿಲವಾಯಿತು. ಮುಚ್ಚಿದ್ದ ಕಣ್ಣು ತೆರೆಯಿತು. ಗೋಡೆಯ ಗಡಿಯಾರದ ದೊಡ್ಡ ಮುಳ್ಳು ಇನ್ನೂ ಅರ್ಧ ಸುತ್ತು ಹಾಕಿರಲಿಲ್ಲ, ಕೊರಿನ್ ಒದ್ದೆ ಬಾಯಿ ಒರೆಸಿಕೊಂಡು ಕೇಳಿದ ಮೊದಲ ಮಾತು, "ಕರುಗಳಿಗೆ ಹಾಲು ಕುಡಿಸಿದ್ರಾ?"

"ಇಲ್ಲ," ಅಂದಳು ಅಲ್ವೀನಾ.

"ಎಲ್ಲಾನೂ ಚರಂಡಿಗೆ ಬಿಟ್ರೋ ಏನೋ."

"ಪುಡಿ ಹಾಲಿದೆ."

ಕೊರಿನ್ ಎದ್ದು, ಲಂಗದ ಮೇಲೇ ಅಂಗಿ ಏರಿಸಿ, ಪುಡಿ ಕಲಸಲು ಹೋದಳು. ಅಲ್ವೀನಾ ಬಕೆಟ್ಟಿನ ಮೇಲೇ ಕೂತಿದ್ದಳು. ಸೆಲ್ಮರ್ ಸೂಜಿ ಚುಚ್ಚಿಕೊಂಡರೆ ಕೊಟ್ಟಿಗೆಯನ್ನು ಮರೆಯುತ್ತಿದ್ದ. ಇವಳು ಕೊಟ್ಟಿಗೆಗೆ ಬರೋದಕ್ಕೇ ಚುಚ್ಚಿಕೊಳ್ಳುತ್ತಿದ್ದಾಳೆ. ಈ ಲೆಕ್ಕ ಅವಳಿಗೆ ಸುಲಭವಾಗಿ ಕೂಡಲಿಲ್ಲ. ಕೂಡಿದ ಮೇಲೂ ಇನ್ನೊಂದು ಸಲ ಕೂಡಿ ನೋಡಿದಳು.

"ಇಷ್ಟ ಬಂದಾಗೆಲ್ಲ ಚುಚ್ಕೋತೀಯಾ?" ಅಂತ ರಾತ್ರಿ ಊಟದಲ್ಲಿ ಕೇಳಿದಳು.

"ದಿನಕ್ಕೆ ಎರಡಕ್ಕಿಂತ ಹೆಚ್ಚು ಕೂಡದು ಅಂತ ಹೇಳಿದಾರೆ. ಇಷ್ಟಪಟ್ಟು ಯಾರು ಚುಚ್ಕೋತಾರೆ? ಜೇನುಹುಳ ಕಚ್ಚಿದ ಹಾಗೆ ಉರಿಯತ್ತೆ."

"ಹೂಂ," ಅಂದಳು ಅಲ್ವೀನಾ. ಕ್ಷಮಿಸು ಅನ್ನಲಿಲ್ಲ. ಬೆಣ್ಣೆ ಮಾತ್ರ ಆ ಕಡೆ ಸರಿಸಿದಳು.

ಸೋಮವಾರ ಫ್ಯಾಕ್ಟರಿಯ ಮನುಷ್ಯ ಬಂದ. ಹಾಲು ಒಯ್ಯಲು ಬಂದ ಫ್ಯಾಕ್ಟರಿಯ ಲಾರಿಯವನು ಖಾಲಿ ಟ್ಯಾಂಕು ಕಂಡು ಹೇಳಿದ್ದ. ಅವನೂ ಅನುಮಾನದ ಕುಳವೇ. ಅಂಗಳದಲ್ಲಿ ನಿಂತು ಮೂಗು ಎಳೆಯುತ್ತಾ ಕೇಳಿದ, "ಮತ್ತೆ ಔಷಧಿ ಬಿತ್ತಾ ಅಲ್ವೀನಾ? ನಿಜ ಹೇಳಿ."

"ಬಿದ್ದಿಲ್ಲ. ಒಳ್ಳೆ ಹಾಲು. ಬಿದ್ದಿದೆ ಅಂದ್ಕೊಂಡು ನಾನೇ ಚೆಲ್ಲಿದೆ."

"ಯಾಕೆ ಹಾಗಂದ್ಕೊಂಡ್ರಿ?"

ಅಲ್ವೀನಾ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಇಷ್ಟು ವರ್ಷ ಆ ಅಂಗಳದಲ್ಲಿ ಹಾಲಿನ ಮಾತಿಗೆ ಉತ್ತರ ಕೊಟ್ಟವಳು ಅವಳೊಬ್ಬಳೇ.

"ನನ್ನ ಯಾಕೆ ಕೇಳ್ತೀಯಪ್ಪ? ಒಳಗಿದಾಳೆ, ಅವಳನ್ನ ಕೇಳು. ಹಸುಗಳನ್ನೂ ಬೇಕಾದ್ರೆ ಪರೀಕ್ಷೆ ಮಾಡ್ಕೋ. ಇನ್ಮೇಲೆ ಕೊಟ್ಟಿಗೆ ಅವಳದು."

ಅವನು ಒಳಗೆ ಹೋದ. ಅಲ್ವೀನಾ ಅಡಿಗೆಮನೆಗೆ ಬಂದು ಡೆಲ್ಮರ್‌ಗೆ ಫೋನು ಮಾಡಿ, ಹರಾಜು ಇಲ್ಲ ಅಂದಳು. ಅವನು ಯಾಕೆ ಅಂತ ಕೇಳುವ ಮೊದಲೇ ಇಟ್ಟಳು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಅವರಿಬ್ಬರೂ ಏನು ಮಾತಾಡುತ್ತಿರಬಹುದು ಅಂತ ಕತ್ತು ಉದ್ದ ಮಾಡಿ ಕೂತಳು.

ಅವನು ಹೋದ ಮೇಲೆ ಕೊರಿನ್ ಬಂದಳು.

"ಏನಂದೆ ಅವನಿಗೆ?"

"ಇದ್ದದ್ದು ಇದ್ದ ಹಾಗೆ ಅಂದೆ."

"ಆ ಪೆನ್ನಿನ ವಿಷಯಾನೂ?"

"ಹೂಂ. ಅವನ ಹೆಂಡತಿಗೂ ಹೀಗೇ ತಲೆನೋವಂತೆ. ನಮ್ಮ ಡಾಕ್ಟರ ಹೆಸರು ಕೇಳ್ಕೊಂಡ್ ಹೋದ."

ಅಲ್ವೀನಾ ಅದನ್ನು ನಂಬಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ದೀಪ ಹಾಕಿದವಳು ಕೊರಿನ್. ಅಲ್ವೀನಾ ಹಾಸಿಗೆಯಲ್ಲೇ ಮಲಗಿ, ಹಾಲು ಎಳೆಯುವ ಪಂಪು ಸರಿಯಾಗಿ ಶುರುವಾಯಿತಾ ಅಂತ ಕಿವಿಗೊಟ್ಟು ಕೇಳಿದಳು. ಶುರುವಾಯಿತು. ನಡುವೆ ನಿಲ್ಲತ್ತಾ ಅಂತ ಕೊನೆಯ ಹಸುವಿನವರೆಗೂ ಕೇಳಿಸಿಕೊಂಡಳು.