ಜಾಲರಿಯ ತಳದ ಗೂಡು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಷೀರ್ ಅಹಮದ್ ಅವರನ್ನು ಕಂಡರೆ ರೈತರಿಗೆ ಅಷ್ಟಕ್ಕಷ್ಟೆ. ನೂಲು ತೆಗೆಯುವ ಉಳಿದ ರೀಲರ್‌ಗಳು ರೈತರು ಗೂಡು ಸುರಿದಿಟ್ಟ ಜಾಲರಿಯ ಮೇಲಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲುಗಿಸಿ, ಮೊಬೈಲಿನಲ್ಲಿ ಹರಾಜಿನ ಬೆಲೆ ಒತ್ತುತ್ತಾರೆ. ಬಷೀರ್ ಅಂಗಿಯ ತೋಳು ಮಡಚಿ, ಕೈಯನ್ನು ಮೊಣಕೈವರೆಗೆ ಇಳಿಸಿ, ತಳದಿಂದ ನಾಲ್ಕು ಗೂಡು ಎತ್ತುತ್ತಾರೆ. ಒಳಗೇ ಹುಳು ಸತ್ತು ಕಲೆ ಬಿದ್ದ ಗೂಡು ಇರುವುದು ಅಲ್ಲೇ. ಚೆನ್ನಾಗಿರುವುದನ್ನು ಮೇಲೆ ಹರಡುವ ವಿದ್ಯೆ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ವರ್ಷದಲ್ಲಿ ಮೇಲಿನ ಗೂಡು ನಂಬಿ ಬಷೀರ್ ಒಂದು ಲಾಟನ್ನೂ ಕೊಂಡವರಲ್ಲ.

ನಾನು ವೇಣು, ಅವರ ರಸ್ತೆಯಲ್ಲೇ ಔಷಧಿ ಅಂಗಡಿ ಇಟ್ಟವನು. ಗಿರಾಕಿಯ ಕಾಯಿಲೆಯ ಮಾತು ಅಂಗಡಿ ದಾಟಬಾರದು. ಆದರೆ ಇದನ್ನು ನಾಲ್ಕು ಜನಕ್ಕೆ ಹೇಳು ಎಂದವರು ಬಷೀರ್ ಅವರೇ.

ಮೂರು ವರ್ಷದ ಹಿಂದೆ ಅವರ ಹೊಟ್ಟೆ ಕೆಟ್ಟಿತು. ದಿನಕ್ಕೆ ಎಂಟು ಹತ್ತು ಸಲ, ರಕ್ತ, ಲೋಳೆ. ಮೂಲವ್ಯಾಧಿ ಎಂದುಕೊಂಡು ಮುಲಾಮು ಕೇಳಿದರು, ನಾನೂ ಕೊಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹರಾಜು ಬಿಸಿಯೇರುವ ಹೊತ್ತಿಗೆ ಸರಿಯಾಗಿ ಅವರು ಪಾಯಖಾನೆಗೆ ಓಡಬೇಕಾಗುತ್ತಿತ್ತು, ವಾಪಸು ಬರುವಷ್ಟರಲ್ಲಿ ಒಳ್ಳೆಯ ಗೂಡು ಬೇರೆಯವರ ಪಾಲಾಗಿರುತ್ತಿತ್ತು. ಕೊನೆಗೆ ಚಿಕ್ಕಬಳ್ಳಾಪುರಕ್ಕೆ ವಾರಕ್ಕೆ ಎರಡು ದಿನ ಬರುವ ಹೊಟ್ಟೆ ಡಾಕ್ಟರ್ ಮುರಳಿಮೋಹನ್ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಇದು ದೊಡ್ಡ ಕರುಳಿನ ಉರಿಯೂತ, ಕೊಲೈಟಿಸ್ ಎಂದರು.

ರೋಗದ ವಿರುದ್ಧ ಹೋರಾಡಬೇಕಾದ ರಕ್ತದ ಕಣಗಳು ತಮ್ಮದೇ ಕರುಳಿನ ಮೇಲೆ ಬಿದ್ದಿವೆ ಎಂದು ಡಾಕ್ಟರು ವಿವರಿಸಿದರಂತೆ. ಹೊಡೆಯುವ ಕಣಗಳ ಜೊತೆಗೆ 'ಸಾಕು ನಿಲ್ಲಿಸಿ' ಎನ್ನುವ ಕಣಗಳೂ ಇರುತ್ತವೆ, ನಿಮ್ಮಲ್ಲಿ ಈ ಎರಡನೆಯವರ ಮಾತು ನಡೆಯುತ್ತಿಲ್ಲ ಎಂದರು. ಮಾತ್ರೆ ಬಿಡಬಾರದು. ಉರಿಯೂತ ಕರುಳಿನಲ್ಲಿ ಮೇಲಕ್ಕೇರಿ ಯಾವ ಔಷಧಿಗೂ ಬಗ್ಗದಿದ್ದರೆ ಕರುಳು ತೆಗೆದು, ಮಲ ಸೇರುವುದಕ್ಕೆ ಹೊಟ್ಟೆಯ ಹೊರಗೆ ಚೀಲ ಹಾಕಬೇಕಾದೀತು. ಬಷೀರ್ ಹೆದರಿದ್ದು ಆ ಚೀಲಕ್ಕೆ. ಅದನ್ನು ಕಟ್ಟಿಕೊಂಡು ಜಾಲರಿಗೆ ಬಗ್ಗುವುದು ಹೇಗೆ ಎಂದು ನನ್ನನ್ನೇ ಕೇಳಿದ್ದರು.

ಆರು ತಿಂಗಳು ಮಾತ್ರೆ ನುಂಗಿದರು, ಸುಧಾರಿಸಿದರು. ಅಷ್ಟರಲ್ಲಿ ಮಂಡಿಕಲ್ ಕಡೆಯಿಂದ ಗೂಡು ತರುವ ರೈತ ಚೆನ್ನರಾಯಪ್ಪ ಒಂದು ಕಷಾಯ ಹೇಳಿಕೊಟ್ಟ. ಒಣಗಿಸಿದ ದಾಳಿಂಬೆ ಸಿಪ್ಪೆ, ಅರಿಶಿನದ ಕೊಂಬು, ಕುದಿಸಿ ಬರಿ ಹೊಟ್ಟೆಗೆ. ತನಗೂ ವರ್ಷವಿಡೀ ರಕ್ತ ಬೀಳುತ್ತಿತ್ತು, ಇದರಲ್ಲೇ ನಿಂತುಹೋಯಿತು ಎಂದು ಆಣೆ ಮಾಡಿದ. ಬಷೀರ್ ಮೊದಲು ಎರಡನ್ನೂ ತೆಗೆದುಕೊಂಡರು. ಆಮೇಲೆ, ಹೇಗೂ ಆರಾಮವಾಗಿದೆಯಲ್ಲ ಎಂದು ಮಾತ್ರೆ ಬಿಟ್ಟರು. ಎಂಟು ತಿಂಗಳು ಏನೂ ಆಗಲಿಲ್ಲ. ಮನುಷ್ಯನಿಗೆ ಆರಾಮ ಬಂದರೆ ಬುದ್ಧಿ ಮೊದಲು ಹೋಗುತ್ತದೆ.

ಅವರಿಗೆಂದೇ ತರಿಸಿದ್ದ ಮಾತ್ರೆಗಳು ನನ್ನ ಬೀರುವಿನಲ್ಲಿ ಹಾಗೇ ಉಳಿದವು. ಕೇಳಿದಾಗಲೆಲ್ಲ ಮಾತು ಹಾರಿಸಿದರು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಕೊನೆಗೊಂದು ದಿನ ಮಾತ್ರೆಯ ಡಬ್ಬಿ ಹಿಡಿದು ನೇರ ಅವರ ಮನೆಗೇ ಹೋದೆ.

ಅವರ ಹೆಂಡತಿ ಷಮೀಮ್ ಹಿತ್ತಲಿನ ಶೆಡ್ಡಿನಲ್ಲಿ ಕೂತು ಅವತ್ತಿನ ಗೂಡು ಆರಿಸುತ್ತಿದ್ದರು, ಬಷೀರ್ ಪಕ್ಕದಲ್ಲೇ ಇದ್ದರು. ನೂಲು ತೆಗೆಸುವ ಕೆಲಸವೆಲ್ಲ ಆಯಮ್ಮನದೇ. ಡಬ್ಬಿ ನೋಡಿದ ಕೂಡಲೇ ಆಕೆಗೆ ಎಲ್ಲ ಅರ್ಥವಾಯಿತು. ಎರಡನೇ ಸಲ ಕ್ಯಾಮೆರಾ ಬಿಡಬೇಕಾದ ತಾರೀಖು ಹತ್ತಿರವಿತ್ತು. ಅದರ ಅಗತ್ಯವಿಲ್ಲ, ರಕ್ತವಿಲ್ಲ, ನೋವಿಲ್ಲ, ಎರಡು ಮುದ್ದೆ ಉಣ್ಣುತ್ತೇನೆ ಎಂದು ಬಷೀರ್ ವಾದ ಹೂಡಿದರು. ಮನೆಯಲ್ಲಿ ಅವರ ಮಾತು ಉರ್ದುವಿನಲ್ಲೇ, ಗೂಡಿನ ವಿಷಯ ಬಂದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಹೊರಳುತ್ತಾರೆ. ಷಮೀಮ್ ಹೇಳಿದ್ದು ಕನ್ನಡದಲ್ಲಿ.

"ಮೇಲಿನ ಗೂಡು ನೋಡಿ ಲಾಟು ಹಿಡಿಯೋರಲ್ಲ ನೀವು. ನಿಮ್ಮ ಹೊಟ್ಟೇದು ಮಾತ್ರ ಮೇಲ್ಗಡೆ ಚೆನ್ನಾಗೈತೆ, ಸಾಕು ಅಂತೀರಲ್ಲ."

ಬಷೀರ್ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು. ಡಾಕ್ಟರಿಗೆ ಫೋನ್ ಮಾಡು ವೇಣು ಎಂದರು.

ನಾನೇ ಜೊತೆಗೆ ಹೋದೆ. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಎರಡು ಫೋಟೋ ಪಕ್ಕಪಕ್ಕ ಇಟ್ಟರು. ರಕ್ತ ಹೊರಗೆ ಕಾಣದಿದ್ದರೂ ಒಳಗೆ ಕೆಂಪು ಬಾವು, ಅಲ್ಲಲ್ಲಿ ಹುಣ್ಣು. ಹಳೆಯದಕ್ಕಿಂತ ಒಂದು ಗೇಣು ಮೇಲಕ್ಕೆ ಹತ್ತಿತ್ತು. ಈಗಲೇ ಬಂದದ್ದು ಒಳ್ಳೆಯದಾಯಿತು, ಚೀಲದ ಮಾತು ಸದ್ಯಕ್ಕೆ ಬೇಡ ಎಂದರು. ಬಷೀರ್ ಮುಖದಲ್ಲಿ ನಾನು ನಾಚಿಕೆ ಕಂಡದ್ದು ಅದೇ ಮೊದಲು.

ಹಾಗಾದರೆ ಕಷಾಯವೆಲ್ಲ ಸುಳ್ಳೇ ಎಂದು ಕೇಳಿದರು. ಡಾಕ್ಟರು ಸುಳ್ಳೆನ್ನಲಿಲ್ಲ. ಅರಿಶಿನದಿಂದ ತೆಗೆದ ಸಾರವನ್ನು ಅಳತೆಮಾಡಿ ಮಾತ್ರೆಯ ಜೊತೆ ಕೊಟ್ಟು ನೋಡಿದ ಪ್ರಯೋಗಗಳಿವೆ, ಕೆಲವರಲ್ಲಿ ಆ ರೇಗಿದ ಕಣಗಳು ತಣ್ಣಗಾಗಿವೆ. ಆದರೆ ಅಡುಗೆಮನೆಯ ಕೊಂಬಿಗೂ ಅದಕ್ಕೂ ಅಳತೆ ಒಂದೇ ಅಲ್ಲ. ದಾಳಿಂಬೆ ಸಿಪ್ಪೆಗೆ ಮನುಷ್ಯರಲ್ಲಿ ಅಷ್ಟು ಪುರಾವೆಯೂ ಸಿಕ್ಕಿಲ್ಲ.

"ಜೊತೆಗೆ ಏನು ತಗೊಂಡ್ರೂ ನನಗೆ ಹೇಳಿ ತಗೊಳ್ಳಿ," ಎಂದರು. "ಮಾತ್ರೆ ಬದಲಿಗೆ ಮಾತ್ರ ಬೇಡ."

ಮುಂದಿನ ವಾರ ಮಾರುಕಟ್ಟೆಯಲ್ಲಿ ನಡೆದದ್ದನ್ನು ಬಷೀರ್ ಹೇಳಿದ ಹಾಗೆಯೇ ಬರೆಯುತ್ತೇನೆ. ಚೆನ್ನರಾಯಪ್ಪ ತನ್ನ ಜಾಲರಿಯ ಪಕ್ಕ ನಿಂತು, ಕಷಾಯ ಹೇಗೆ ಕೆಲಸ ಮಾಡಿತು ನೋಡಿದಿರಾ ಎಂದು ಬೀಗುತ್ತಿದ್ದ. ಬಷೀರ್ ತೋಳು ಮಡಚಿ ಕೈ ಇಳಿಸಿದರು.

"ವರ್ಷವೆಲ್ಲಾ ರಕ್ತ ಬಿತ್ತು ಅಂದ್ರಲ್ಲ ಚೆನ್ನರಾಯಪ್ಪೋರೆ, ಒಳಗಡೆ ಯಾರಿಗಾದ್ರೂ ತೋರ್ಸಿದ್ರಾ?"

ಯಾಕೆ ತೋರಿಸಬೇಕು, ನಿಂತೇ ಹೋಯಿತಲ್ಲ ಎಂದು ಅವನು ನಕ್ಕ. ಬಷೀರ್ ಕೈ ಮೇಲೆತ್ತಿ ಅಂಗೈ ಬಿಚ್ಚಿದರು. ನಾಲ್ಕು ಗೂಡಿನಲ್ಲಿ ಎರಡಕ್ಕೆ ಕಪ್ಪು ಕಲೆ.

"ನನಗೂ ನಿಂತಿತ್ತು," ಎಂದರು.

ಚೆನ್ನರಾಯಪ್ಪ ಕಲೆಯ ಗೂಡೊಂದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಬೆಲೆಯ ಮಾತೇ ಎತ್ತಲಿಲ್ಲ.

"ನಿಮ್ಮ ಆ ಡಾಕ್ಟ್ರು ಯಾವ್ಯಾವ ದಿನ ಕೂತ್ಕೋತಾರೆ, ಸಾಬ್ರೇ?" ಎಂದ.